ಅಂಗುಳದಲ್ಲಿ ಬಿಟ್ಟ ಜಾಗ

"ಇಲ್ಲಿ ಒತ್ತುತ್ತೆ ಡಾಕ್ಟ್ರೇ, ಸ್ವಲ್ಪ ಉಜ್ಜಿ ಕೊಟ್ಟುಬಿಡಿ" ಎಂದು ಮುದುಕರು ತಮ್ಮ ಮೇಲಿನ ಹಲ್ಲುಸೆಟ್ಟನ್ನು ಕಳಚಿ ಅವಳ ಅಂಗೈ ಮೇಲಿಟ್ಟರು. ಅದಕ್ಕೆ ಇನ್ನೂ ಬಾಯಿಯ ಬಿಸಿ ಇತ್ತು. ಇಷ್ಟು ವರ್ಷಗಳ ಕೆಲಸದಲ್ಲಿ ಎಷ್ಟೋ ಜನರ ಬಾಯಿಯ ಬಿಸಿ ಈ ಅಂಗೈಯಲ್ಲಿ ಆರಿಹೋಗಿದೆ. ಅವಳು ಅದನ್ನು ಗಮನಿಸಿದವಳೇ ಅಲ್ಲ. ಇವತ್ತು ಮಾತ್ರ ಯಾವುದೋ ಸಣ್ಣ ಪ್ರಾಣಿಯನ್ನು ಹಿಡಿದುಕೊಂಡಂತೆ ಅನ್ನಿಸಿತು. ಕಾಲಿನ ಹತ್ತಿರದ ಗುಂಡಿ ಒತ್ತಿದರೆ ಮೋಟಾರು ಕೀರಲು ದನಿಯಲ್ಲಿ ತಿರುಗುತ್ತದೆ, ಗುಲಾಬಿ ಬಣ್ಣದ ಪುಡಿ ಉದುರುತ್ತದೆ, ನೀರಿನಲ್ಲಿ ಅದ್ದಿ ಕೊಟ್ಟರೆ ಎರಡು ಸಲ ಕಚ್ಚಿ ನೋಡಿ "ಹಾಂ, ಈಗ ಸರಿಹೋಯ್ತು" ಎಂದು ಎದ್ದುಹೋಗುತ್ತಾರೆ. ಕಣ್ಣು ಮುಚ್ಚಿಕೊಂಡು ಮಾಡುವ ಕೆಲಸ. ಕಣ್ಣು ಮುಚ್ಚಿಕೊಂಡು ಎಂಬ ಮಾತು ಮನಸ್ಸಿಗೆ ಬಂದದ್ದೇ ತಡ, ಅವಳ ಕಾಲು ಗುಂಡಿಯ ಮೇಲೆ ಹೋಗಲಿಲ್ಲ. ಸೆಟ್ಟನ್ನು ತಟ್ಟೆಯಲ್ಲಿಟ್ಟು, ದೀಪವನ್ನು ಎಳೆದುಕೊಂಡು, ಮುದುಕರ ಬೋಳು ಒಸಡನ್ನು ಬೆರಳಿನಿಂದ ಸವರಿದಳು. ಕನ್ನಡಿಯಿಟ್ಟು ಅಂಗುಳ ನೋಡಿದಳು. ದೀಪ ತಿರುಗಿಸಿ ಮತ್ತೆ ನೋಡಿದಳು. ಸೆಟ್ಟಿನ ಅಂಚು ತಾಗಿ ಕೆಂಪಾದ ಒಂದು ಗೆರೆ ಬಿಟ್ಟರೆ ಅಲ್ಲಿ ಏನೂ ಇರಲಿಲ್ಲ.

"ಏನಮ್ಮಾ, ಇಷ್ಟು ಹೊತ್ತು ನೋಡ್ತಿದ್ದೀರಿ? ಒಳಗೆ ಏನಾದ್ರೂ ಬಚ್ಚಿಟ್ಟಿದ್ದೀನಾ?" ಎಂದರು ಮುದುಕರು, ಅವಳು ಬೆರಳು ತೆಗೆದ ಮೇಲೆ. "ಹಲ್ಲಿದ್ದಾಗ ಕಡಲೆ ಇರಲಿಲ್ಲ. ಈಗ ಕಡಲೆ ಇದೆ, ಹಲ್ಲು ನಿಮ್ಮ ಕೈಲಿದೆ."

ಅವಳು ನಕ್ಕಳು. ನಗು ತನ್ನದಲ್ಲದ ಬಾಯಿಂದ ಬಂದ ಹಾಗಿತ್ತು. ಉಜ್ಜಿಕೊಟ್ಟಳು, ಮುದುಕರು ಕಚ್ಚಿ ನೋಡಿದರು. ಹೋಗುವಾಗ ಅವರು ತಮ್ಮ ಎಂಜಲು ತಾಗಿದ ಲೋಟವನ್ನು ತಾವೇ ತೊಳೆದು ಬೋರಲು ಹಾಕಿ ಹೋದದ್ದು ಅವಳ ಕಣ್ಣಿಗೆ ಬಿತ್ತು. ಅವರು ಪ್ರತಿಸಲವೂ ಹಾಗೇ ಮಾಡುತ್ತಿದ್ದರೇನೋ. ಜನ ಎಷ್ಟು ಒಳ್ಳೆಯವರು ಅನ್ನಿಸಿತು ಅವಳಿಗೆ.

ಒಳ್ಳೆಯತನದಿಂದಲೇ ಆದದ್ದು ಇದು. ಅತ್ತೆ ಹಲ್ಲುಸೆಟ್ಟಿಲ್ಲದ ತಮ್ಮ ಮುಖವನ್ನು ಯಾರಿಗೂ ತೋರಿಸಿದವರಲ್ಲ, ಹೆತ್ತ ಮಗನಿಗೂ. ಸ್ನಾನದ ಮನೆಯ ಚಿಲಕ ಹಾಕಿಕೊಂಡು ತೊಳೆಯುತ್ತಿದ್ದರು, ಬಾಯಲ್ಲಿಟ್ಟುಕೊಂಡ ಮೇಲೇ ಚಿಲಕ ತೆಗೆಯುತ್ತಿದ್ದರು. ಕಳೆದ ವರ್ಷ ಬೇಸಿಗೆಗೂ ಮೊದಲು, ಅಡುಗೆಮನೆಯಲ್ಲಿ ಇವಳೊಬ್ಬಳೇ ಇದ್ದಾಗ ಹತ್ತಿರ ಬಂದು, ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ಇಲ್ಲಿ ಒತ್ತುತ್ತೆ ಕಣೇ, ಒಂಚೂರು ಉಜ್ಜಿಸ್ಕೊಂಡು ಬಾ" ಎಂದಿದ್ದರು. ಹಲ್ಲಿಲ್ಲದ ಮಾತು ತೊದಲಾಗಿತ್ತು. ಆ ತೊದಲಿಗೆ ಅತ್ತೆಯ ಕಿವಿ ಕೆಂಪಾಗಿತ್ತು. ಅವರು ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತವರು. "ನಮಸ್ಕಾರ, ಯಾವ ನಂಬರು ಬೇಕು?" ಎಂಬ ಆ ದನಿಯನ್ನು ಕೇಳುವುದಕ್ಕೆಂದೇ ಬೇಡದ ನಂಬರು ಕೇಳುವವರಿದ್ದರಂತೆ. ಈಗಲೂ ಬೆಳಿಗ್ಗೆ ಹೊತ್ತು ಹಳೆಯ ಗೆಳತಿಯರಿಗೆ ಒಬ್ಬೊಬ್ಬರಿಗೇ ಫೋನು ಮಾಡಿ ಮಾತಾಡಿಸುತ್ತಾರೆ. ಅದರಲ್ಲೊಬ್ಬರಿಗೆ ಕಣ್ಣು ಕಾಣುವುದಿಲ್ಲ, ಅವರಿಗೆ ಪೇಪರು ಓದಿ ಹೇಳುತ್ತಾರೆ. ಅಂಥವರು ಸೆರಗು ಮುಚ್ಚಿಕೊಂಡು ನಿಂತಿರುವಾಗ 'ಅತ್ತೆ, ಬಾಯಿ ತೆಗೀರಿ' ಅನ್ನುವುದಕ್ಕೆ ಇವಳಿಗೆ ನಾಲಿಗೆ ಬರಲಿಲ್ಲ. ಮುಖ ಆಚೆ ತಿರುಗಿಸಿಕೊಂಡು ಕೈ ಚಾಚಿದಳು. ಅದನ್ನು ಮರ್ಯಾದೆ ಅಂದುಕೊಂಡಳು. ಸೆಟ್ಟನ್ನು ಕರವಸ್ತ್ರದಲ್ಲಿ ಸುತ್ತಿ ಕ್ಲಿನಿಕ್ಕಿಗೆ ತಂದು, ಎಲ್ಲಿ ಒತ್ತುತ್ತದೆ ಎಂದು ಅತ್ತೆ ಉಗುರಿನಿಂದ ಗೀರಿ ತೋರಿಸಿದ್ದರೋ ಅಲ್ಲಿ ಉಜ್ಜಿ, ಸಂಜೆ ವಾಪಸು ಕೊಟ್ಟಳು. "ನನ್ನ ಸೊಸೆ ಕೈ ಬೆಣ್ಣೆ" ಎಂದು ಅತ್ತೆ ಅವತ್ತು ಫೋನಿನಲ್ಲಿ ಎಲ್ಲರಿಗೂ ಹೇಳಿದರು.

ಮಳೆಗಾಲದಲ್ಲಿ ಮತ್ತೊಂದು ಸಲ. ಆಗ ಕೈ ತೊಳೆದುಕೊಂಡು ಬೆರಳು ಹಾಕಿ ನೋಡಿದ್ದಳು, ಮುಖ ಆಚೆ ಇಟ್ಟುಕೊಂಡೇ. ಗಟ್ಟಿ ಅಂಗುಳ ಮುಗಿದು ಮೆತ್ತಗಿನದು ಶುರುವಾಗುವ ಕಡೆ, ನುಣ್ಣಗೆ, ಬಟಾಣಿಯಷ್ಟು. ಒತ್ತಿದರೆ ನೋವಿಲ್ಲ ಎಂದರು ಅತ್ತೆ. ಮೂಳೆಯ ಉಬ್ಬು ಇರಬೇಕು, ಕೆಲವರಿಗೆ ಇರುತ್ತದೆ. ಸೆಟ್ಟು ತಿಕ್ಕಿ ತಿಕ್ಕಿ ಆದದ್ದಿರಬೇಕು, ಎಷ್ಟೋ ಜನಕ್ಕೆ ಆಗುತ್ತದೆ. ಬೇರೆಯವರಾಗಿದ್ದರೆ ಕುರ್ಚಿಯಲ್ಲಿ ಒರಗಿಸಿ, ದೀಪ ಹಾಕಿ, ಇದೇನೆಂದು ಗೊತ್ತಾಗುವ ತನಕ ಬಿಡುತ್ತಿರಲಿಲ್ಲ. ಇವರು ಮನೆಯವರು. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಗಾದೆ, ಆದರೆ ಮದ್ದು ಕೊಡುವವರಿಗೂ ತಮ್ಮ ಹಿತ್ತಲಿನ ರೋಗ ರೋಗವಾಗಿ ಕಾಣುವುದಿಲ್ಲವೆಂದು ಯಾರೂ ಹೇಳಿರಲಿಲ್ಲ. ಉಜ್ಜಿಕೊಟ್ಟಳು. ಚಳಿಗಾಲ ಕಳೆದ ಮೇಲೆ ಇನ್ನೊಮ್ಮೆ ಉಜ್ಜಿಕೊಟ್ಟಳು. ಹೀಗೆ ಆ ಗಂಟಿಗೆ ಬೆಳೆಯಲು ಜಾಗ ಸಾಲದಾದಾಗಲೆಲ್ಲ ತನ್ನ ಕೈಯಿಂದಲೇ, ನೋವಾಗದ ಹಾಗೆ, ಹದವಾಗಿ ಜಾಗ ಬಿಡಿಸಿಕೊಟ್ಟಳು. ಅತ್ತೆಗೆ ಒತ್ತುವುದು ನಿಂತಿತು. ನೋವಾದರೂ ಆಗಿದ್ದರೆ ಎಂದು ಈಗ ಅನ್ನಿಸುತ್ತದೆ. ಒತ್ತುವುದು ಅದಕ್ಕಿದ್ದ ಒಂದೇ ಬಾಯಿ. ಅದನ್ನೂ ಮುಚ್ಚಿಸಿದವಳು ತಾನು.

ಎರಡು ತಿಂಗಳ ಹಿಂದೆ ಸೆಟ್ಟಿನ ಮೇಲೆ ರಕ್ತ ಕಂಡಿತು. ಅವತ್ತೇ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದಳು. ಅಲ್ಲಿಯ ಎಳೆ ವಯಸ್ಸಿನ ಡಾಕ್ಟರು ಪರದೆ ಎಳೆದು ಒಳಗೆ ಪರೀಕ್ಷೆಗೆಂದು ಗಂಟಿನ ಚೂರು ತೆಗೆಯುವಾಗ ಅವಳು ಪರದೆಯ ಈಚೆ ನಿಂತಿದ್ದಳು. "ಎಷ್ಟು ದಿನದಿಂದ ಇದೆ ಇದು?" ಎಂದು ಒಳಗಿಂದ ದನಿ ಕೇಳಿತು. ಬಾಯಲ್ಲಿ ಹತ್ತಿ ಇದ್ದ ಅತ್ತೆ ಉತ್ತರ ಕೊಡುವಂತಿರಲಿಲ್ಲ. "ಈಗಷ್ಟೇ ಕಂಡಿದ್ದು" ಎಂದಳು ಇವಳು, ಪರದೆಗೆ. ಪರದೆಯ ಮೇಲೆ ಮಾಸಲು ನೀಲಿ ಹೂಗಳಿದ್ದವು.

ಇವತ್ತು ಮಧ್ಯಾಹ್ನ ಸರ್ಜನ್ನರು ಅತ್ತೆಯನ್ನೂ ಮಗನನ್ನೂ ಬರಹೇಳಿದ್ದರು. ಅದಕ್ಕೂ ಮೊದಲು ತನ್ನ ಹತ್ತಿರ ಬಂದು ಹೋಗು ಎಂದು ಬೆಳಿಗ್ಗೆ ಫೋನು ಮಾಡಿದ್ದವಳು ಗೂಬಕ್ಕ. ಓದುವ ಕಾಲದಲ್ಲಿ ಇವಳಿಗಿಂತ ಮುಂದಿನ ವರ್ಷದಲ್ಲಿದ್ದವಳು. ದಪ್ಪ ಕನ್ನಡಕ ಹಾಕಿಕೊಂಡು ಸದಾ ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ಕೂರುತ್ತಿದ್ದಳೆಂದು ಇಟ್ಟ ಹೆಸರು. ಅವಳು ಆ ಹೆಸರಿಗೆ ಓಗೊಟ್ಟು ಓಗೊಟ್ಟು ಅದರ ಅಪಶಕುನವನ್ನೇ ತೆಗೆದುಬಿಟ್ಟಿದ್ದಳು. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಅವಳ ಲ್ಯಾಬು. ಮೆಟ್ಟಿಲಿಳಿಯುವಾಗಲೇ ಮೂಗಿಗೆ ಏರುವ ಔಷಧಿಯ ವಾಸನೆ, ಗೋಡೆಗುಂಟ ಹೋದ ಕೊಳವೆಗಳ ಒಳಗೆ ಯಾರೋ ಮೇಲಿನ ಮಹಡಿಯಲ್ಲಿ ಬಿಟ್ಟ ನೀರಿನ ಸದ್ದು. ಮುದುಕರು ಹೋದ ಮೇಲೆ ಕ್ಲಿನಿಕ್ಕಿನಿಂದ ನೇರ ಬಂದ ಇವಳು ಒಂದೊಂದೇ ಮೆಟ್ಟಿಲಿಳಿದಳು. ಹಿಂದಿನ ತಿಂಗಳು ಗೂಬಕ್ಕ ಫೋನಿನಲ್ಲಿ ಹೇಳಿದ್ದಿಷ್ಟು: ತಿಳಿಯಾದ ಕೋಶಗಳ ಗೆಡ್ಡೆ, ಬಾಯಲ್ಲಿ ತೀರ ಅಪರೂಪ, ಹೆಚ್ಚಾಗಿ ಕಿಡ್ನಿಯಿಂದ ಹರಡಿ ಬರುವುದು, ಎಲ್ಲಕ್ಕೂ ಮೊದಲು ಕಿಡ್ನಿ ನೋಡಿಸು. ನೋಡಿಸಿದರು. ಎಡಗಡೆಯ ಕಿಡ್ನಿಯಲ್ಲಿ ಒಂದು ನೆರಳು ಇತ್ತು.

"ಬಾರೇ, ಕೂತ್ಕೋ" ಎಂದು ಗೂಬಕ್ಕ ಎರಡು ಜನ ಒಟ್ಟಿಗೆ ನೋಡುವ ಮೈಕ್ರೋಸ್ಕೋಪಿನ ಆಚೆ ಬದಿಯ ಸ್ಟೂಲನ್ನು ಇವಳ ಎತ್ತರಕ್ಕೆ ತಿರುಗಿಸಿ ಇಳಿಸಿದಳು. ಕಣ್ಣಿಡುವ ಗಾಜನ್ನು ತನ್ನ ಸೆರಗಿನ ತುದಿಯಿಂದ ಒರೆಸಿದಳು. "ನಿನ್ನ ಅತ್ತೆಯವರದ್ದು ಅಂತ ಮರೆತುಬಿಟ್ಟು ನೋಡು. ಆಗಲ್ಲ, ಆದ್ರೂ ನೋಡು."

ಅವಳು ನೋಡಿದಳು. ಮೊದಲು ಬರೀ ಬೆಳಕು. ಆಮೇಲೆ ಗೂಬಕ್ಕ ಏನನ್ನೋ ತಿರುಗಿಸಿದಳು, ಬೆಳಕಿನೊಳಗಿಂದ ಗೆರೆಗಳು ಎದ್ದವು. ಪಕ್ಕಪಕ್ಕದಲ್ಲಿ ಸಣ್ಣ ಸಣ್ಣ ಕೋಣೆಗಳು, ಎಲ್ಲ ಖಾಲಿ, ಸುಣ್ಣ ಬಳಿದು ಬಾಡಿಗೆಗೆ ಬಿಟ್ಟ ಹಾಗೆ. ಪ್ರತಿ ಕೋಣೆಯ ಮೂಲೆಯಲ್ಲಿ ಒಂದು ನೀಲಿ ಚುಕ್ಕೆ ಮಾತ್ರ, ಯಾರೋ ಆರಿಸಲು ಮರೆತುಹೋದ ದೀಪ. ಕೋಣೆಗಳ ಗುಂಪಿನ ನಡುವೆ ಗಾಜಿನಂತೆ ಹೊಳೆಯುವ ಗುಲಾಬಿ ಪಟ್ಟಿಗಳು. ಆ ಗುಲಾಬಿ ಅವಳು ಉಜ್ಜಿದ ಪುಡಿಯ ಗುಲಾಬಿಯೇ ಆಗಿತ್ತು. ಎಲ್ಲಿಯೂ ಗದ್ದಲವಿರಲಿಲ್ಲ. ಕ್ಯಾನ್ಸರೆಂದರೆ ಕೋಶಗಳು ಹುಚ್ಚುಹುಚ್ಚಾಗಿ ಒಂದರ ಮೇಲೊಂದು ಬಿದ್ದಿರುತ್ತವೆಂದು ಪಾಠದಲ್ಲಿ ಓದಿದ್ದಳು.

"ಇಷ್ಟೊಂದು ಖಾಲಿ..." ಎಂದಳು.

"ಖಾಲಿ ಅಲ್ಲ ಕಣೇ. ಒಳಗೆ ಸಕ್ಕರೆಯಂಥದ್ದು ತುಂಬಿರುತ್ತೆ. ನಾವು ಚೂರನ್ನ ಅದ್ದಿ ತೊಳೆದು ಕೊಯ್ಯೋವಾಗ ಅದು ಕರಗಿ ಹೋಗುತ್ತೆ, ಕೋಣೆ ಉಳಿಯುತ್ತೆ. ನೋಡು ಹೇಗೆ ಕೂತಿವೆ, ಸಾಧುಗಳ ಥರ. ಗಲಾಟೆ ಮಾಡೋರನ್ನ ಕಂಡ್ರೆ ನನಗೆ ಭಯ ಇಲ್ಲ, ಅವರು ಯಾರು ಅಂತ ಗೊತ್ತಾಗುತ್ತೆ. ಇಂಥ ಸಾಧುಗಳನ್ನ ಕಂಡ್ರೇ ಆಗಲ್ಲ." ಗೂಬಕ್ಕ ಗಾಜು ಬದಲಿಸಿದಳು. "ಬಾಯಲ್ಲೇ ಹುಟ್ಟಿದ್ರೂ ಹೀಗೇ ಕೂರ್ತವೆ, ಕಿಡ್ನಿಯಿಂದ ಬಂದು ಬಾಯಲ್ಲಿ ಬೀಡುಬಿಟ್ಟಿದ್ರೂ ಹೀಗೇ ಕೂರ್ತವೆ. ಬೇರೆ ಬೇರೆ ಬಣ್ಣ ಹಾಕಿ ನೋಡಿದೆ. ಆ ಹುಡುಗ ಡಾಕ್ಟ್ರು ತೆಗೆದ ಚೂರು ಉಗುರಿನಷ್ಟೂ ಇಲ್ಲ, ಅಂಚೆಲ್ಲ ನಲುಗಿಹೋಗಿದೆ. ಒಂದು ಬಣ್ಣ ಬಾಯಿಯದಿರಬಹುದು ಅನ್ನುತ್ತೆ, ಇನ್ನೊಂದು ಗೊತ್ತಿಲ್ಲ ಅನ್ನುತ್ತೆ. ಜೀನು ಪರೀಕ್ಷೆ ಮಾಡಿದ್ರೆ ಖಂಡಿತ ಗೊತ್ತಾಗುತ್ತೆ. ದೂರ ಕಳಿಸ್ಬೇಕು, ವಾರಗಟ್ಟಲೆ ಕಾಯ್ಬೇಕು. ಅಲ್ಲೀವರೆಗೆ ನಮ್ಮ ಹತ್ರ ಇರೋದು ಕಣ್ಣು ಮತ್ತೆ ರೋಗಿಯ ಕತೆ."

ಅವಳು ಕಣ್ಣು ತೆಗೆಯಲಿಲ್ಲ. ಗಾಜಿನಿಂದ ಕಣ್ಣು ತೆಗೆದರೆ ಗೂಬಕ್ಕನ ಮುಖ ಇರುತ್ತಿತ್ತು.

"ಅದಕ್ಕೇ ಕರೆದಿದ್ದು. ಕಾಗದದಲ್ಲಿ ಏನೋ ಬರೆದಿದ್ದಾರೆ, ಅದು ಬೇಡ. ನೀನು ಮನೆಯೋಳು, ಮೇಲಾಗಿ ಹಲ್ಲಿನ ಡಾಕ್ಟ್ರು. ನೀನು ಹೇಳು, ಎಷ್ಟು ದಿನದಿಂದ ಇದೆ?"

ನೀಲಿ ಚುಕ್ಕೆಗಳು ಅಲುಗದೆ ಕೂತಿದ್ದವು. "ಎರಡು ತಿಂಗಳು."

"ಅದಕ್ಕೂ ಮುಂಚೆ ಏನೂ ಇರಲಿಲ್ವಾ? ಸಣ್ಣದಾಗಿ? ಬಾಯಿಯ ಉಗುಳಿನ ಗ್ರಂಥಿಯಲ್ಲಿ ಹುಟ್ಟೋ ಜಾತಿ ಇದೆಯಲ್ಲ, ಅದು ಆಮೆ. ವರ್ಷಗಟ್ಟಲೆ ತಗೊಳ್ಳುತ್ತೆ. ಆಮೆ ಆಗಿದ್ರೆ ಸುತ್ತ ಬಿಡಿಸಿ ಕತ್ತರಿಸಿ ತೆಗೆದ್ರೆ ಬಹಳ ಮಟ್ಟಿಗೆ ಮುಗೀತು, ಮನುಷ್ಯ ಇನ್ನೂ ಎಷ್ಟೋ ವರ್ಷ ಬದುಕ್ತಾರೆ. ಎರಡು ತಿಂಗಳಲ್ಲಿ ಇಷ್ಟು ದೊಡ್ಡದಾಗಿದ್ರೆ, ಮೇಲೆ ಆ ಕಿಡ್ನಿಯ ನೆರಳು ಬೇರೆ..." ಗೂಬಕ್ಕ ಮಾತು ಮುಗಿಸಲಿಲ್ಲ. "ಇರಲಿಲ್ವಾ?"

ಇತ್ತು ಎನ್ನುವುದು ಎಷ್ಟು ಸಣ್ಣ ಮಾತು. ಅತ್ತೆಯ ಆಯಸ್ಸಿನ ಪರವಾಗಿ ಇಡೀ ಊರಿನಲ್ಲಿ ಒಂದೇ ಒಂದು ಸಾಕ್ಷಿ ಇದೆ, ಅದು ತನ್ನ ಬೆರಳಿನ ತುದಿಯಲ್ಲಿದೆ. ಒಳ್ಳೆಯ ಸುದ್ದಿಯನ್ನು ಮುಷ್ಟಿಯಲ್ಲಿ ಮುಚ್ಚಿಟ್ಟುಕೊಂಡು ಕೂತಿದ್ದಾಳೆ, ಕೈ ಬಿಚ್ಚಿದರೆ ತನ್ನ ಕೈ ಕಾಣುತ್ತದೆಂದು. ಅವಳು ಗಾಜಿನಿಂದ ಕಣ್ಣು ತೆಗೆದು ಬಾಯಿ ತೆರೆದಳು. ಅಷ್ಟರಲ್ಲಿ ಗೂಬಕ್ಕ ಅವಳ ಕಣ್ಣು ಒದ್ದೆಯಾದದ್ದನ್ನು ನೋಡಿ, ಎದ್ದು, ಫ್ಲಾಸ್ಕಿನಿಂದ ಚಹಾ ಬಗ್ಗಿಸಿ, ಇದ್ದ ಒಂದೇ ಬಿಸ್ಕತ್ತನ್ನು ಮುರಿದು ದೊಡ್ಡ ಚೂರನ್ನು ಇವಳ ಮುಂದಿಟ್ಟು, "ಬಿಡು, ಬಿಡು. ನಿನ್ನನ್ನ ಹೀಗೆ ಕೇಳಬಾರದಿತ್ತು. ಗೊತ್ತಾದ ದಿನವೇ ಕರ್ಕೊಂಡು ಬಂದಿದ್ದೀಯ, ಇದಕ್ಕಿಂತ ಜಾಸ್ತಿ ಯಾವ ಸೊಸೆ ಮಾಡ್ತಾಳೆ?" ಎಂದಳು. ಅವಳು ಬಿಸ್ಕತ್ತು ತಿಂದಳು. ನುಂಗಿದಳು. ಬಾಯಿಗೆ ಬಂದ ಮಾತೂ ಅದರ ಜೊತೆ ಒಳಗೆ ಹೋಯಿತು.

ಮೇಲೆ ಬಂದಾಗ ಹೊರಗೆ ಬಿಸಿಲು ನೆಟ್ಟಗಿತ್ತು. ಲಿಫ್ಟಿನ ಎದುರು ಅತ್ತೆ, ಪಕ್ಕದಲ್ಲಿ ಇವಳ ಗಂಡ. ಅವನ ಕೆಲಸ ಲಿಫ್ಟುಗಳನ್ನು ಪರೀಕ್ಷೆ ಮಾಡಿ ಸರಿಯಿದೆಯೆಂದು ರುಜು ಹಾಕುವುದು. ಎಲ್ಲಿ ಹೋದರೂ ಲಿಫ್ಟು ಹತ್ತುವ ಮೊದಲು ಬಾಗಿಲ ಬಳಿ ನಿಂತು ಕಿವಿಗೊಟ್ಟು ಕೇಳುತ್ತಾನೆ. ಈಗಲೂ ಕೇಳುತ್ತಿದ್ದ. "ಇದರ ಹಗ್ಗ ಯಾವೋನೂ ನೋಡಿಲ್ಲ" ಎಂದ. "ಬರೀ ಎಣ್ಣೆ ಹಚ್ಚಿದ್ದಾರೆ. ಸದ್ದು ಬರೋದು ಯಾಕೆ ಅಂತ ನೋಡೋದು ಬಿಟ್ಟು ಸದ್ದು ನಿಲ್ಸಿದ್ದಾರೆ." ಅವಳು ಥಟ್ಟನೆ ಅವನ ಮುಖ ನೋಡಿದಳು. ಅವನು ಅವಳನ್ನು ನೋಡುತ್ತಿರಲಿಲ್ಲ, ಲಿಫ್ಟಿನ ಚೌಕಟ್ಟನ್ನು ನೋಡುತ್ತಿದ್ದ.

"ಸಾಕು ಮಾರಾಯ, ನಿನ್ನ ಹಗ್ಗ. ಬಂದಿರೋದು ನನ್ನ ಗಂಟಿಗೆ" ಎಂದರು ಅತ್ತೆ. ಎಕ್ಸ್‌ಚೇಂಜಿನ ದನಿ. ಅಲ್ಲಿ ನಿಂತಿದ್ದ ನರ್ಸೊಬ್ಬಳು ಅಷ್ಟು ಒಳ್ಳೆಯ ದನಿ ಯಾರದೆಂದು ತಿರುಗಿ ನೋಡಿದಳು. ಅತ್ತೆ ಅವಳಿಗೊಂದು ನಗೆ ಕೊಟ್ಟು, ಸೊಸೆಯ ಕುತ್ತಿಗೆಯ ಬೆವರನ್ನು ತಮ್ಮ ಸೆರಗಿನಿಂದ ಒರೆಸಿದರು. "ಊಟ ಮಾಡಿದ್ಯೇನೇ? ಮಾಡಿರಲ್ಲ. ಮುಖ ನೋಡು, ಕಾಯಿಲೆ ನನಗೋ ನಿನಗೋ."

ಸರ್ಜನ್ನರ ಕೋಣೆ ಸಣ್ಣದು. ಮೇಜು, ಮೂರು ಕುರ್ಚಿ, ಕಿಟಕಿಯ ಬಳಿ ಬಾಯಿ ನೋಡುವ ಒರಗು ಕುರ್ಚಿ, ಅದರ ಮೇಲೆ ತಲೆ ಬಗ್ಗಿಸಿದ ದೀಪ. ಸರ್ಜನ್ನರು ಎದ್ದು ಬಂದು ಅತ್ತೆಗೆ ಕುರ್ಚಿ ಎಳೆದುಕೊಟ್ಟರು, ಕೂತ ಮೇಲೆ ಬೆನ್ನಿಗೆ ಒಂದು ದಿಂಬು ಸರಿಪಡಿಸಿದರು. ದೊಡ್ಡ ಆಸಾಮಿ, ಮೆಲುದನಿ. ಕಳೆದ ಸಲ ಬಂದಾಗ ಅವರೇ ಚಿತ್ರ ಬರೆದು ತೋರಿಸಿದ್ದರು: ಇದು ಬಾಯಿಯದೇ ಆಗಿದ್ದರೆ ಅಂಗುಳದ ಹಿಂದಿನ ಭಾಗವನ್ನು ಮೂಳೆ ಸಮೇತ ತೆಗೆಯಬೇಕು, ಮೇಲೆ ಮೂಗಿನವರೆಗೆ ತೂತು ಬೀಳುತ್ತದೆ, ಕುಡಿದ ನೀರು ಮೂಗಿನಲ್ಲಿ ಬರುತ್ತದೆ, ಮಾತು ಮೂಗಿನ ಪಾಲಾಗುತ್ತದೆ, ಹಲ್ಲುಸೆಟ್ಟಿಗೇ ಬಿರಡೆಯಂಥ ಒಂದು ಗುಬುಟು ಕೂರಿಸಿ ಆ ತೂತು ಮುಚ್ಚಬಹುದು, ಆದರೆ ದನಿ ಮೊದಲಿನ ಹಾಗಿರುವುದಿಲ್ಲ. ಅವತ್ತು ಅತ್ತೆ ಮನೆಗೆ ಬಂದು ಯಾರಿಗೂ ಫೋನು ಮಾಡಿರಲಿಲ್ಲ.

"ಅಮ್ಮ, ಒಂದೇ ಪ್ರಶ್ನೆ" ಎಂದರು ಸರ್ಜನ್ನರು. "ಈ ಗಂಟು ನಿಮಗೆ ಮೊದಲು ಗೊತ್ತಾಗಿದ್ದು ಯಾವಾಗ? ಯೋಚನೆ ಮಾಡಿ ಹೇಳಿ. ಅದರ ಮೇಲೆ ಬಹಳ ನಿಂತಿದೆ."

ಈಗ ಅತ್ತೆಯೇ ಹೇಳಿಬಿಡುತ್ತಾರೆ. ಅವಳಿಗೆ ಒಂದು ಕ್ಷಣ ಹಗುರವಾಯಿತು. ತಾನು ಹೇಳಬೇಕಾಗಿಲ್ಲ. ಬಯ್ಯುತ್ತಾರೆ, ಗಂಡ ಮಾತು ಬಿಡುತ್ತಾನೆ, ಆಗಲಿ.

"ಎರಡು ತಿಂಗಳಾಯ್ತು ಡಾಕ್ಟ್ರೇ" ಎಂದರು ಅತ್ತೆ, ಒಂದು ಅಕ್ಷರವೂ ತಡವರಿಸದೆ. "ರಕ್ತ ಕಂಡಿದ್ದೇ ಗೊತ್ತಾಗಿದ್ದು. ಅವತ್ತೇ ಸಂಜೆ ನನ್ನ ಸೊಸೆ ಇಲ್ಲಿಗೆ ಕರ್ಕೊಂಡು ಬಂದ್ಲು. ಒಂದು ದಿನ ತಡ ಮಾಡಲಿಲ್ಲ, ಪಾಪ." ಮೇಜಿನ ಕೆಳಗೆ ಅತ್ತೆಯ ಕೈ ಅವಳ ಮಂಡಿಯ ಮೇಲೆ ಬಂದು ಎರಡು ಸಲ ತಟ್ಟಿತು. ಆ ಕೈ ತಣ್ಣಗಿತ್ತು. ಪರದೆಯ ಆಚೆಯಿಂದ ಅವತ್ತು ಅತ್ತೆ ಕೇಳಿಸಿಕೊಂಡಿದ್ದಾರೆ. ಎರಡು ತಿಂಗಳು ಈ ಸುಳ್ಳನ್ನು ತಮ್ಮ ಬಾಯಲ್ಲೂ ಇಟ್ಟುಕೊಂಡು, ಸೊಸೆಯ ಮಾನಕ್ಕೆ ಒಂದು ಗೆರೆ ಬೀಳದ ಹಾಗೆ, ಇವತ್ತಿಗೆ ಸಿದ್ಧ ಮಾಡಿಕೊಂಡಿದ್ದಾರೆ. ಈ ಸುಳ್ಳು ತಮ್ಮನ್ನು ಎಲ್ಲಿಗೆ ತಲುಪಿಸುತ್ತದೆಂದು ಅವರಿಗೆ ಗೊತ್ತಿಲ್ಲ. ಗೊತ್ತಿರುವವಳು ಪಕ್ಕದಲ್ಲಿ ಕೂತಿದ್ದಾಳೆ.

ಸರ್ಜನ್ನರು ನಿಧಾನವಾಗಿ ತಲೆಯಾಡಿಸಿದರು. "ನಾನೂ ಹಾಗೇ ಅಂದುಕೊಂಡಿದ್ದೆ. ಹಾಗಾದ್ರೆ ಇದು ಕಿಡ್ನಿಯಿಂದ ಬಂದಿರೋದು ಅಂತ ಇಟ್ಟುಕೊಂಡು ಮುಂದೆ ಹೋಗಬೇಕು. ಮೊದಲು ಕಿಡ್ನಿಯವರ ಹತ್ರ ಕಳಿಸ್ತೀನಿ. ಅದನ್ನ ತೆಗೀಬೇಕಾಗಬಹುದು, ಆಮೇಲೆ ಔಷಧಿ. ಬಾಯಿಗೆ ನಾನು ಸದ್ಯಕ್ಕೆ ಕೈ ಹಾಕಲ್ಲ. ಬೇರೆ ಕಡೆಯಿಂದ ಬಂದಿದ್ದಕ್ಕೆ ಅಂಗುಳ ಕತ್ತರಿಸಿ ಉಪಯೋಗ ಇಲ್ಲ."

"ಅಂದ್ರೆ ಅಂಗುಳ ಕತ್ತರಿಸಲ್ವಾ?"

"ಇಲ್ಲಮ್ಮ."

"ನನ್ನ ದನಿ ಹೀಗೇ ಇರುತ್ತೆ?"

"ಇರುತ್ತೆ."

ಅತ್ತೆ ನಕ್ಕುಬಿಟ್ಟರು. ಎಷ್ಟೋ ದಿನದ ಮೇಲೆ ಬಂದ ನಗು, ಗಂಟಲಿನಿಂದ ಎದ್ದು ಇಡೀ ಕೋಣೆಗೆ ಕೇಳುವಂಥದ್ದು. "ಕಿಡ್ನಿ ಹೋದ್ರೆ ಹೋಗ್ಲಿ ಬಿಡಿ. ಎರಡು ಕೊಟ್ಟಿದ್ದಾನೆ ದೇವರು. ಅಂಗುಳ ಒಂದೇ." ಮಗನ ಕಡೆ ತಿರುಗಿ, "ಏನೋ, ಮುಖ ಯಾಕೆ ಹಾಗಿಟ್ಕೊಂಡಿದ್ದೀಯ? ನಿನ್ನ ಲಿಫ್ಟು ಬಿದ್ದಿಲ್ಲ" ಎಂದರು. ಗಂಡ ನಗಲಿಲ್ಲ. ಕಿಡ್ನಿಯಿಂದ ಬಾಯಿಯವರೆಗೆ ಬಂದಿದೆ ಅನ್ನುವುದರ ಅರ್ಥ ಅವನಿಗೆ ಆಗಿತ್ತು. ಅವನು ಮೇಜಿನ ಅಂಚನ್ನು ಹಿಡಿದುಕೊಂಡಿದ್ದ. ಸರ್ಜನ್ನರು ಪೆನ್ನಿನ ಮುಚ್ಚಳ ತೆಗೆದರು. ಮುಚ್ಚಳ ತೆಗೆದ ಸದ್ದು ಅವಳಿಗೆ ಕೇಳಿಸಿತು.

ಈಗ ಸುಮ್ಮನಿದ್ದರೆ ಅತ್ತೆಗೆ ನಗು ಇರುತ್ತದೆ, ದನಿ ಇರುತ್ತದೆ, ಬೆಣ್ಣೆ ಕೈಯ ಸೊಸೆ ಇರುತ್ತಾಳೆ. ಗಂಟು ಇರುತ್ತದೆ. ವಾರಗಳು ಕಳೆದು ಆ ದೂರದ ಪರೀಕ್ಷೆಯ ಉತ್ತರ ಬರುವ ಹೊತ್ತಿಗೆ ಒಂದು ಕಿಡ್ನಿ ಹೋಗಿರಬಹುದು, ಆಮೆ ಇನ್ನೂ ಒಂದು ಹೆಜ್ಜೆ ಇಟ್ಟಿರಬಹುದು. ಆಮೆಗೇನು, ಅದಕ್ಕೆ ಯಾವಾಗಲೂ ಹೊತ್ತಿರುತ್ತದೆ. ಹೇಳಿದರೆ ಅಂಗುಳ ಹೋಗುತ್ತದೆ, ಆ ದನಿ ಹೋಗುತ್ತದೆ, ತನ್ನ ಸಲುವಾಗಿ ಸುಳ್ಳಾಡಿದ ಮುದುಕಿ ಮಗನೆದುರು ಸುಳ್ಳುಗಾತಿಯಾಗುತ್ತಾಳೆ. ಮುತ್ತು ಒಡೆದರೆ ಹೋಯಿತು, ಮಾತು ಆಡಿದರೆ ಹೋಯಿತು. ಆಡದೆ ಇಟ್ಟುಕೊಂಡ ಮಾತು ಎಲ್ಲಿಗೆ ಹೋಗುತ್ತದೆಂದು ಯಾರೂ ಹೇಳಲಿಲ್ಲ. ಅದು ಎಲ್ಲಿಗೂ ಹೋಗುವುದಿಲ್ಲ, ಇದ್ದಲ್ಲೇ ಬೆಳೆಯುತ್ತದೆ.

"ವರ್ಷದ ಮೇಲಾಯ್ತು" ಎಂದಳು.

"ಏನು ವರ್ಷದ ಮೇಲಾಯ್ತು?" ಎಂದ ಗಂಡ.

"ಗಂಟು. ಹೋದ ವರ್ಷ ಬೇಸಿಗೆಗೆ ಮುಂಚೆಯಿಂದ ಇದೆ. ಅತ್ತೆಗೆ ಹಲ್ಲುಸೆಟ್ಟು ಒತ್ತುತ್ತಿತ್ತು. ನಾನು ಉಜ್ಜಿ ಕೊಟ್ಟೆ. ಮತ್ತೆ ಒತ್ತಿತು, ಮತ್ತೆ ಉಜ್ಜಿದೆ. ಮೂರು ಸಲ." ಅವಳ ದನಿ ಸಮವಾಗಿತ್ತು, ರೋಗಿಗೆ ಔಷಧಿ ಹೇಳುವ ದನಿ. ಅದು ಅವಳಿಗೇ ಅಸಹ್ಯವಾಯಿತು. "ಬೆರಳಿಗೆ ಸಿಕ್ಕಿತ್ತು. ಏನೂ ಇಲ್ಲ ಅಂದ್ಕೊಂಡೆ."

"ಅವಳಿಗೇನೋ ಗಾಬರಿ ಡಾಕ್ಟ್ರೇ, ಅವಳ ಮಾತು ತಗೋಬೇಡಿ..." ಎಂದು ಅತ್ತೆ ಶುರು ಮಾಡಿದರು. ಆಮೇಲೆ ನಿಲ್ಲಿಸಿದರು. ಮಂಡಿಯ ಮೇಲಿದ್ದ ಕೈ ಹಿಂದಕ್ಕೆ ಹೋಯಿತು.

ಸರ್ಜನ್ನರು ಪೆನ್ನನ್ನು ಕಾಗದದ ಪಕ್ಕ ಇಟ್ಟರು. "ಬೆರಳಿಗೆ ಎಷ್ಟಿತ್ತು ಆಗ?"

"ಬಟಾಣಿಯಷ್ಟು."

"ಹಾಗಾದ್ರೆ ಇದು ಬೇರೆ ಕತೆ. ಬಹಳ ಬೇರೆ ಕತೆ" ಎಂದು ಸ್ಕ್ಯಾನಿನ ಚಿತ್ರವನ್ನು ಮತ್ತೆ ಬೆಳಕಿಗೆ ಹಿಡಿದರು. "ಕಿಡ್ನಿಯಲ್ಲಿರೋದು ಬರೀ ನೀರುಗುಳ್ಳೆ ಇರಬಹುದು, ಈ ವಯಸ್ಸಿಗೆ ಎಷ್ಟೋ ಜನಕ್ಕೆ ಇರುತ್ತೆ. ಅದನ್ನ ಇನ್ನೊಂದು ಸಲ ನೋಡಿಸೋಣ. ಬಾಯಲ್ಲಿರೋದು ಬಾಯಿಯದೇ ಅಂತ ನನಗೆ ಅನ್ನಿಸ್ತಿದೆ. ತೆಗೆದುಬಿಡಬಹುದು ಅಮ್ಮ. ಪೂರ್ತಿ ತೆಗೆದುಬಿಡಬಹುದು. ಒಂದು ವರ್ಷದ ಹಿಂದೆಯೇ..." ಅಷ್ಟಕ್ಕೆ ತುಟಿ ಮುಚ್ಚಿ, ಅವಳ ಕಡೆ ನೋಡದೆ, ಚಿತ್ರವನ್ನು ಲಕೋಟೆಯೊಳಗೆ ಸೇರಿಸಿದರು. ಅವರು ನುಂಗಿಕೊಂಡ ವಾಕ್ಯದ ಉಳಿದ ಅರ್ಧ ಅವಳಿಗೆ ಪೂರ್ತಿ ಕೇಳಿಸಿತು. ಒಂದು ವರ್ಷದ ಹಿಂದೆ ಆಗಿದ್ದರೆ ಉಗುರಿನಷ್ಟು ತೆಗೆದರೆ ಸಾಕಿತ್ತು, ದನಿ ಉಳಿಯುತ್ತಿತ್ತು.

"ಈಗ ಎಷ್ಟಾಗಿದೆ?" ಎಂದು ಅವರು ಕೇಳಿದರು, ವೈದ್ಯರು ವೈದ್ಯರನ್ನು ಕೇಳುವ ಹಾಗೆ. "ನಿಮಗೆ ಏನನ್ನಿಸುತ್ತೆ? ಆವತ್ತಿಗೂ ಇವತ್ತಿಗೂ ಹೋಲಿಸಿ ಹೇಳಬಲ್ಲವರು ನೀವೊಬ್ಬರೇ."

"ನಾನು ನೋಡಿಲ್ಲ."

"ಇತ್ತೀಚೆಗೆ ನೋಡಿಲ್ವಾ?"

"ನೋಡೇ ಇಲ್ಲ. ಯಾವತ್ತೂ."

ಗಂಡ ಅವಳ ಕಡೆ ತಿರುಗಿದ. ಲಿಫ್ಟಿನ ಬಾಗಿಲಲ್ಲಿ ಕಿವಿಗೊಟ್ಟು ಕೇಳುತ್ತಾನಲ್ಲ, ಅದೇ ಮುಖ. ಅವನು ಏನಾದರೂ ಅಂದುಬಿಟ್ಟಿದ್ದರೆ ಆಗುತ್ತಿತ್ತು. ಹೊರಗೆ ಯಾರೋ ಗಾಡಿ ತಳ್ಳಿಕೊಂಡು ಹೋದರು, ಅದರ ಒಂದು ಚಕ್ರ ಕಿರ್ರೆನ್ನುತ್ತ ದೂರವಾಯಿತು.

ಅತ್ತೆ ಎದ್ದರು. ಮೇಜಿನ ಅಂಚು ಹಿಡಿದುಕೊಂಡು, ಯಾರ ಕೈಯನ್ನೂ ಕೇಳದೆ, ಕಿಟಕಿಯ ಹತ್ತಿರ ಹೋಗಿ ಆ ಒರಗು ಕುರ್ಚಿಯ ಮೇಲೆ ಕೂತರು. ಕಾಲು ಮೇಲೆತ್ತಿ ಇಟ್ಟುಕೊಂಡರು, ಸೀರೆಯ ನೆರಿಗೆ ಸರಿಮಾಡಿಕೊಂಡರು. ಸರ್ಜನ್ನರು ಎದ್ದು ನಿಂತರು. ಅತ್ತೆ ಅವರಿಗೆ ಬೇಡವೆಂದು ಕೈ ಅಡ್ಡ ಮಾಡಿದರು. ಆಮೇಲೆ ಮಗ ನೋಡುತ್ತಿದ್ದಂತೆಯೇ, ಸೆರಗು ಮುಚ್ಚಿಕೊಳ್ಳದೆ, ಎರಡು ಬೆರಳು ಬಾಯೊಳಗೆ ಹಾಕಿ ಹಲ್ಲುಸೆಟ್ಟನ್ನು ಕಳಚಿ ತೊಡೆಯ ಮೇಲಿಟ್ಟುಕೊಂಡರು. ಮುಖ ಒಮ್ಮೆಲೇ ಕುಸಿಯಿತು. ಮೂಗು ಗಲ್ಲದ ಹತ್ತಿರ ಬಂತು. ಗಂಡ ತಲೆ ತಗ್ಗಿಸಿದ.

"ಬಾ" ಎಂದರು ಅತ್ತೆ. ತೊದಲು ದನಿ. ಕೋಪವಿತ್ತೋ ಇಲ್ಲವೋ ತಿಳಿಯುವಂತಿರಲಿಲ್ಲ. "ಬಾ ಇಲ್ಲಿ. ದೀಪ ಹಾಕ್ಕೊಂಡು ನೋಡು."

ಅವಳು ಎದ್ದಳು. ನಾಲ್ಕು ಹೆಜ್ಜೆಯ ಕೋಣೆ. ತಟ್ಟೆಯಲ್ಲಿ ಕನ್ನಡಿ ಇತ್ತು, ತೆಗೆದುಕೊಂಡಳು. ದೀಪದ ಗುಂಡಿ ಒತ್ತಿದಳು. ಅತ್ತೆ ತಲೆ ಹಿಂದಕ್ಕೆ ಹಾಕಿ ಬಾಯಿ ತೆರೆದರು, ಕಣ್ಣು ಮುಚ್ಚಲಿಲ್ಲ. ಬೆಳಕು ಬೋಳು ಒಸಡನ್ನು ದಾಟಿ ಒಳಗೆ ಹೋಯಿತು. ಅಲ್ಲಿ, ಎಲ್ಲ ಗುಲಾಬಿಯ ನಡುವೆ, ಅದು ಇತ್ತು. ದೊಡ್ಡ ನೆಲ್ಲಿಕಾಯಿಯಷ್ಟು, ನುಣುಪಾಗಿ, ಶಾಂತವಾಗಿ. ಸಣ್ಣದೊಂದು ನೀಲಿ ನರ ಅದರ ಮೇಲೆ ಅಡ್ಡಹಾದು ಹೋಗಿತ್ತು. ತುದಿಯಲ್ಲಿ ಸಾಸಿವೆಯಷ್ಟು ಹುಣ್ಣು. ಅವಳು ಹೆಬ್ಬೆರಳಿನಿಂದ ತುಟಿ ಎತ್ತಿ ಹಿಡಿದು ಇನ್ನಷ್ಟು ಬಗ್ಗಿದಳು. ಅಂಚು ಎಲ್ಲಿ ಮುಗಿಯುತ್ತದೆಂದು ಹುಡುಕಿದಳು. ಎಡಗಡೆ ಸಿಕ್ಕಿತು, ಮುಂದುಗಡೆ ಸಿಕ್ಕಿತು, ಹಿಂದೆ ಮೆತ್ತಗಿನ ಅಂಗುಳದ ಕಡೆ ಸಿಗಲಿಲ್ಲ. ಅಲ್ಲಿಂದಾಚೆ ಗಂಟಲು, ಕತ್ತಲೆ. ಆ ಕತ್ತಲೆಯಿಂದ ಅತ್ತೆಯ ಉಸಿರು ಬಿಸಿಯಾಗಿ ಬಂದು ಕನ್ನಡಿಯ ಮೇಲೆ ಮಂಜಾಗುತ್ತಿತ್ತು. ಅವಳು ಒರೆಸಿಕೊಂಡಳು, ಮತ್ತೆ ನೋಡಿದಳು. ಮತ್ತೆ ಮಂಜಾಯಿತು.

"ಸಾಕು ಅತ್ತೆ, ಮುಚ್ಚಿ" ಎಂದಳು.

ಅತ್ತೆ ಮುಚ್ಚಲಿಲ್ಲ.